ಅಂಚೆಯಲ್ಲಿ ಬಂದ ಲಿಂಗ

ಪುಣೆ
೧೬ ಜನವರಿ ೧೯೫೬

ಪ್ರೀತಿಯ ಅಕ್ಕನಿಗೆ,

ಈ ಕಾಗದವನ್ನು ಮೊದಲು ನೀನೊಬ್ಬಳೇ ಓದು. ಆಮೇಲೆ ಅವ್ವನಿಗೆ ಹೇಗೆ ಹೇಳಬೇಕೋ ಹಾಗೆ ಹೇಳು. ಅವ್ವನಿಗೆ ಓದು ಬರುವುದಿಲ್ಲ, ಅಪ್ಪನಿಗೆ ಓದು ಬಂದರೂ ತಾಳ್ಮೆ ಇಲ್ಲ. ನನ್ನ ಮಾತನ್ನು ಕೊನೆಯವರೆಗೆ ಕೇಳುವವಳು ನೀನೊಬ್ಬಳೇ. ಮದುವೆಯಾಗಿ ದೂರ ಹೋಗದೆ ಅದೇ ಲಕ್ಷ್ಮೇಶ್ವರದಲ್ಲಿ ಮೂರು ಓಣಿಯಾಚೆ ಉಳಿದದ್ದು ನನ್ನ ಪುಣ್ಯ.

ಡಿಸೆಂಬರ್ ಮೊದಲ ವಾರ ನಮ್ಮ ಪ್ರೊಫೆಸರರು ಕಾಲೇಜಿನ ಗಚ್ಚಿಯ ಮೇಲೆ ದೊಡ್ಡ ದುರ್ಬೀನು ಹೂಡಿದ್ದರು. ಹೊತ್ತು ಮುಳುಗಿ ಇನ್ನೂ ಸ್ವಲ್ಪವೇ ಆಗಿತ್ತು. ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಿದೆವು. ನನಗೆ ಕಂಡದ್ದು ಒಂದು ಮಸುಕು ಕಲೆ, ಕನ್ನಡಿಯ ಮೇಲೆ ಉಸಿರು ಬಿಟ್ಟರೆ ಮೂಡುತ್ತದಲ್ಲ, ಅಷ್ಟೇ. ಅದು ಒಂದು ನಕ್ಷತ್ರವಲ್ಲ, ಕೋಟಿ ಕೋಟಿ ಸೂರ್ಯರ ಗುಂಪು ಎಂದರು ಪ್ರೊಫೆಸರರು. ಈಗ ನನ್ನ ಕಣ್ಣಿಗೆ ಬಿದ್ದ ಬೆಳಕು ಅಲ್ಲಿಂದ ಹೊರಟು ಹತ್ತು ಲಕ್ಷ ವರ್ಷಕ್ಕೂ ಮೇಲಾಯಿತಂತೆ. ಅದು ಹೊರಟಾಗ ಈ ಭೂಮಿಯ ಮೇಲೆ ಪ್ರಾರ್ಥನೆ ಮಾಡುವ ಒಂದು ಬಾಯಿಯೂ ಇರಲಿಲ್ಲ. ಉಳಿದ ಹುಡುಗರು ನೋಡಿ, ಚಹಾ ಕುಡಿಯಲು ಕೆಳಗಿಳಿದರು. ನಾನು ಗೋಡೆ ಹಿಡಿದು ಕುಳಿತುಬಿಟ್ಟೆ.

ಮರುದಿನ ಸ್ನಾನ ಮಾಡಿ ಎಂದಿನಂತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡೆ. ಅದನ್ನೆಲ್ಲ ಮಾಡಿದವನು ನನ್ನ ಅಂಗೈ ಮೇಲೆ ಕುಳಿತು ನನ್ನ ಪರೀಕ್ಷೆ, ಅಪ್ಪನ ಜೋಳದ ಧಾರಣೆ, ಅವ್ವನ ಮೊಣಕಾಲು ನೋವು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ಹೇಗೆ ನಂಬಲಿ? ನಗು ಬರಲಿಲ್ಲ ಅಕ್ಕಾ, ಹೆದರಿಕೆ ಬಂತು. ಆದರೂ ನಲವತ್ತು ದಿನ ಪೂಜೆ ಮಾಡಿದೆ. ನಂಬದೆ ಮಾಡುವ ಪೂಜೆ ಕಳ್ಳತನ ಅನ್ನಿಸಿತು. ಇಂದು ಬೆಳಿಗ್ಗೆ ಕೊರಳಿನಿಂದ ತೆಗೆದೆ.

ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಡಲು ಮನಸ್ಸು ಬರಲಿಲ್ಲ. ಹೊಳೆಗೆ ಬಿಡಲು ಕೈ ಬರಲಿಲ್ಲ. ಬೆಳ್ಳಿಯ ಕರಡಿಗೆಯ ಸಮೇತ ಅರಿವೆಯಲ್ಲಿ ಸುತ್ತಿ ಅವ್ವನ ಹೆಸರಿಗೆ ರಿಜಿಸ್ಟರ್ ಪಾರ್ಸೆಲ್ ಮಾಡಿದ್ದೇನೆ. ಅವಳ ಕೈಯಲ್ಲಿದ್ದರೆ ಅದಕ್ಕೆ ಅವಮಾನವಿಲ್ಲ. ಈ ಕಾಗದ ಪಾರ್ಸೆಲಿಗಿಂತ ಮೊದಲು ಮುಟ್ಟುತ್ತದೆ. ಹಾಗಾಗಿ ನೀನು ಮೊದಲೇ ಹೋಗಿ ಅವಳನ್ನು ಸಿದ್ಧಮಾಡು.

ನಿನ್ನ ತಮ್ಮ,
ಉಳವಪ್ಪ


ಲಕ್ಷ್ಮೇಶ್ವರ
೨೭ ಜನವರಿ ೧೯೫೬

ಉಳವಪ್ಪನಿಗೆ,

ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡುವುದು ವಾಡಿಕೆ. ನನ್ನಿಂದ ಆಗುವುದಿಲ್ಲ. ನಿನ್ನ ಪಾರ್ಸೆಲ್ ಶನಿವಾರ ಬಂತು. ನಿನ್ನ ಕಾಗದ ಬುಧವಾರ ಬಂತು. ಎಷ್ಟು ಓದಿದರೇನು, ನಿನಗೆ ಅಂಚೆಯ ಲೆಕ್ಕ ಹತ್ತಲಿಲ್ಲ.

ಆ ವಾರ ಮುಂಬಯಿ ಕಡೆ ಗಲಾಟೆ, ಗೋಲಿಬಾರ್ ಎಂದು ಪತ್ರಿಕೆಯ ತುಂಬ ಇತ್ತು. ಅಪ್ಪ ಅಂಗಡಿಯಲ್ಲಿ ಓದಿ ಬಂದು ಮನೆಯಲ್ಲಿ ಹೇಳಿದ್ದ. ಪುಣೆ ಎಲ್ಲಿ, ಮುಂಬಯಿ ಎಲ್ಲಿ ಎಂದು ಅವ್ವನಿಗೆ ಏನು ಗೊತ್ತು. ಮೂರು ದಿನದಿಂದ ಅಂಚೆಯವನ ದಾರಿ ಕಾಯುತ್ತಿದ್ದಳು. ಅವನು ಹೆಬ್ಬೆಟ್ಟು ಒತ್ತಿಸಿಕೊಂಡು ಗಂಟು ಕೊಟ್ಟು ಹೋದ. ಒಬ್ಬಳೇ ಬಿಚ್ಚಿದಳು. ಒಳಗೆ ನಿನ್ನ ಲಿಂಗ.

ನಮ್ಮವರಲ್ಲಿ ಲಿಂಗ ಮೈಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಸತ್ತರೆ ಮೈಯ ಜೊತೆ ಮಣ್ಣಿಗೆ ಹೋಗುತ್ತದೆ. ಇದನ್ನು ನಿನಗೆ ನಾನು ಹೇಳಿಕೊಡಬೇಕೆ? ಅದೊಂದೇ ಮನೆಗೆ ಬಂತು ಎಂದರೆ ತಾಯಿಯಾದವಳು ಏನು ತಿಳಿಯಬೇಕು? ನೀನು ಸತ್ತೆ, ಯಾರೋ ಪರವೂರಿನವರು ನಿನ್ನನ್ನು ಸುಟ್ಟುಹಾಕಿದರು, ಕೊರಳಲ್ಲಿದ್ದದ್ದನ್ನು ಬಿಚ್ಚಿ ಕಳಿಸಿದರು ಎಂದು ತಿಳಿದಳು. ಕೂಗಲಿಲ್ಲವಂತೆ. ಪಕ್ಕದ ಮನೆಯ ಫಕೀರಬಿ ಏನೋ ಕೇಳಲು ಬಂದವಳು ನೋಡಿ, ಅವಳೇ ಓಣಿಗೆಲ್ಲ ಕೇಳುವಂತೆ ಅತ್ತಳು. ಅಪ್ಪ ಅಂಗಡಿ ತೆರೆದಿಟ್ಟೇ ಓಡಿ ಬಂದ. ಮಠಕ್ಕೆ ಆಳು ಹೋಯಿತು. ನಾನು ಮುಟ್ಟುವಷ್ಟರಲ್ಲಿ ಹೆಂಗಸರು ಸುತ್ತ ಕುಳಿತಿದ್ದರು.

ಕೆಳಗೆ ಬಿದ್ದಿದ್ದ ಅರಿವೆಯ ಮೇಲೆ ವಿಳಾಸ ಇತ್ತು. ನಿನ್ನ ಅಕ್ಷರ. ನನ್ನ ಸ್ಲೇಟಿನ ಮೇಲೆ ತಿದ್ದಿ ಕಲಿತ ಆ ಸೊಟ್ಟ 'ಲ'. ಸತ್ತವನು ವಿಳಾಸ ಬರೆಯುವುದಿಲ್ಲ ಎಂದು ನಾನು ಹೇಳಿದ ಮೇಲೆ ಅವ್ವ ಬಾಯಿ ತೆರೆದಳು. ಒಂದು ತಾಸು ನೀನು ನಮ್ಮ ಮನೆಯಲ್ಲಿ ಸತ್ತಿದ್ದೆ, ಉಳವಪ್ಪ. ಆ ತಾಸನ್ನು ನಾನು ನಿನಗೆ ಮಾಫಿ ಮಾಡುವುದಿಲ್ಲ.

ಬುಧವಾರ ನಿನ್ನ ಕಾಗದ ಓದಿ ಹೇಳಿದೆ. ಪೂರ್ತಿ ಓದಿದೆ, ಮುಚ್ಚಿಡಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಅಂದಿನಿಂದ ನಿನ್ನ ಹೆಸರು ಎತ್ತಿಲ್ಲ. ಕನ್ನಡ ನಾಡೆಲ್ಲ ಒಂದಾಗುತ್ತದೆ ಎಂದು ಗದಗಿನ ಸಭೆಗೆಲ್ಲ ಹೋಗಿ ಬರುತ್ತಾನೆ, ಮನೆಯೊಳಗೆ ಎರಡು ಮಾತು ಕೂಡಿಸಲಾರ. ಅವ್ವ ಮಾತ್ರ ಆ ದುರ್ಬೀನಿನ ಮಾತನ್ನು ಎರಡು ಸಲ ಓದಿಸಿದಳು. ಆಮೇಲೆ ನಿನ್ನ ಲಿಂಗವನ್ನು ತನ್ನ ಕೊರಳಿಗೆ, ತನ್ನದರ ಪಕ್ಕದಲ್ಲಿ ಕಟ್ಟಿಕೊಂಡಳು. ಅವಳು ಹೇಳಿದ್ದು ಇಷ್ಟು:

"ಅವನ ಲಿಂಗ ಹಸದು ಕುಂತೈತಿ. ಅವ ತನ್ನ ಕೈಯಾರೆ ಅದಕ್ಕ ಎಡಿ ತೋರಿಸೂತನಕ ನಾನೂ ರೊಟ್ಟಿ ಮುಟ್ಟಂಗಿಲ್ಲ."

ಇಂದಿಗೆ ಮೂರನೆಯ ದಿನ. ಬರೀ ಮಜ್ಜಿಗೆ. ಅವ್ವನ ಹಟ ನಿನಗೆ ಗೊತ್ತು, ನಿನಗೂ ಅದೇ ಬಂದಿದೆ.

ನಿನ್ನ ಅಕ್ಕ,
ಅನ್ನಪೂರ್ಣ


ಪುಣೆ
೪ ಫೆಬ್ರುವರಿ ೧೯೫೬

ಅಕ್ಕಾ,

ಆ ಒಂದು ತಾಸಿನ ಬಗ್ಗೆ ಏನು ಬರೆಯಲಿ. ನಿನ್ನ ಕಾಗದ ಓದಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ. ಲಿಂಗ ಒಂದೇ ಬಂದರೆ ಅದಕ್ಕೆ ಏನರ್ಥ ಎಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಪ್ರಾಮಾಣಿಕತೆಯ ಗುಂಗಿನಲ್ಲಿ ನಾನಿದ್ದೆ. ತಪ್ಪಾಯಿತು. ಅವ್ವನ ಕಾಲು ಹಿಡಿದು ಹೇಳಿದೆ ಎಂದು ಹೇಳು.

ಆದರೆ ಉಪವಾಸದ ಮಾತಿಗೆ ನಾನು ಏನು ಮಾಡಲಿ? ಕಟ್ಟಿಕೊಂಡೆ, ನೀನು ಉಣ್ಣು ಎಂದು ಒಂದು ಸಾಲು ಬರೆದರೆ ಮುಗಿಯಿತು. ಬರೆಯಲಾರೆ. ಅವ್ವ ದಿನಾ ಮಾತಾಡುವುದು ಆ ಲಿಂಗದ ಜೊತೆ. ಅದರ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಿದರೆ ಆಮೇಲೆ ಯಾವ ವಿಷಯದಲ್ಲಿ ನಿಜ ಹೇಳುವುದು? ನಾನು ನಂಬಿಕೆ ಕಳೆದುಕೊಂಡಿರಬಹುದು, ಇನ್ನೂ ಸುಳ್ಳ ಆಗಿಲ್ಲ.

ನಿನ್ನೊಬ್ಬಳಿಗೆ ಒಂದು ಮಾತು. ಊಟಕ್ಕೆ ಕುಳಿತರೆ ನನ್ನ ಎಡಗೈ ತಾನಾಗಿಯೇ ತೆರೆದುಕೊಳ್ಳುತ್ತದೆ. ಲಿಂಗಕ್ಕೆ ತೋರಿಸಿ ಉಣ್ಣುವುದು ಇಪ್ಪತ್ತು ವರ್ಷದ ರೂಢಿ. ಅದರಲ್ಲಿ ಏನೂ ಇರುವುದಿಲ್ಲ. ಬೋರ್ಡಿಂಗಿನ ಹುಡುಗರು ನೋಡಿಯಾರು ಎಂದು ಮುಷ್ಟಿ ಮಾಡಿ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ. ಊಟ ಸೇರುವುದಿಲ್ಲ. ಆಕಾಶ ನೋಡಲೂ ಆಗುತ್ತಿಲ್ಲ, ಸಂಜೆಯಾದರೆ ಕಿಟಕಿ ಮುಚ್ಚುತ್ತೇನೆ. ದೇವರಿಲ್ಲ ಎಂದು ತಿಳಿದವನು ಹಗುರಾಗಬೇಕಿತ್ತು. ನಾನು ಹಗುರಾಗಿಲ್ಲ. ಅಷ್ಟು ದೊಡ್ಡದರ ಮುಂದೆ ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಎಂಬ ಮಾತು ತಲೆಯಿಂದ ಹೋಗುವುದಿಲ್ಲ.

ಇದನ್ನು ಅವ್ವನಿಗೆ ಓದಬೇಡ. ಅವಳಿಗೆ ಬುದ್ಧಿ ಹೇಳಿ ಉಣ್ಣಿಸು. ನಿನ್ನ ಮಾತು ಕೇಳುತ್ತಾಳೆ.

ಉಳವಪ್ಪ


ಲಕ್ಷ್ಮೇಶ್ವರ
೧೪ ಫೆಬ್ರುವರಿ ೧೯೫೬

ಉಳವಪ್ಪ,

ಬುದ್ಧಿ ಹೇಳಿ ಉಣ್ಣಿಸು ಎಂದು ಬರೆಯುವುದು ಸುಲಭ. ನೀನು ಕುಳಿತಲ್ಲಿಂದ ಲಕ್ಷ ವರ್ಷ ದೂರದ್ದು ಕಾಣುತ್ತದೆ, ಇಲ್ಲಿ ನಿನ್ನ ತಾಯಿಯ ಕೊರಳ ಎಲುಬು ಎದ್ದದ್ದು ಕಾಣುವುದಿಲ್ಲ.

ಹೋದ ಗುರುವಾರ ಮಠದ ಸ್ವಾಮಿಗಳು ಮನೆಗೆ ಬಂದಿದ್ದರು. ಅಪ್ಪನೇ ಕರೆಸಿದ್ದ. ಒಬ್ಬರ ಲಿಂಗವನ್ನು ಇನ್ನೊಬ್ಬರು ಧರಿಸುವುದು, ಪೂಜಿಸುವುದು ಪದ್ಧತಿಯಲ್ಲ, ಅದನ್ನು ಮಠಕ್ಕೆ ಒಪ್ಪಿಸಿ ತಾಯಿ, ನೀವು ಪ್ರಸಾದ ತಗೊಳ್ಳಿ ಎಂದು ಅವರು ಮೆತ್ತಗೇ ಹೇಳಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಅಪ್ಪ ಬಾಗಿಲ ಹತ್ತಿರ ನಿಂತು ಹೂಂ ಎನ್ನುತ್ತಿದ್ದ. ಅಪ್ಪನೆದುರು, ಸ್ವಾಮಿಗಳೆದುರು ಅವ್ವ ದನಿ ಎತ್ತಿದ್ದನ್ನು ನಾನು ಯಾವತ್ತೂ ಕಂಡಿಲ್ಲ. ಅಂದು ಕಂಡೆ.

"ಇವ ಹೊಟ್ಟ್ಯಾಗ ಎಂಟು ತಿಂಗಳ ಇದ್ದಾಗ ನಿಮ್ಮ ಮಠದ ಹಿಂದಿನ ಬುದ್ಧೀರ ಬಂದು ಇದನ್ನ ನನಗ ಕಟ್ಟಿದ್ರು. ಆವಾಗ ನಾ ಎರಡಕ್ಕೂ ಪೂಜಿ ಮಾಡೀನಿ, ಎರಡು ಹೊಟ್ಟಿಗೆ ಉಂಡೀನಿ. ಆವಾಗ ಪದ್ಧತಿ ಇತ್ತು, ಈಗ ಹೆಂಗ ಇಲ್ಲಂತೀರಿ? ಅವ ಇನ್ನೂ ಹುಟ್ಟಿಲ್ಲ ಅಂತ ತಿಳಕೋರಿ."

ಸ್ವಾಮಿಗಳು ಎದ್ದು ಹೋದರು. ಅಪ್ಪ ಅವರನ್ನು ಬೀಳ್ಕೊಡುವ ನೆಪದಲ್ಲಿ ಹೊರಬಿದ್ದು ಕತ್ತಲಾದ ಮೇಲೆ ಬಂದ.

ನಾನು ಏನೆಲ್ಲ ಹೇಳಿಲ್ಲ? ಗದರಿದೆ, ಅತ್ತೆ, ನಾನೂ ಉಣ್ಣುವುದಿಲ್ಲ ಎಂದು ಒಂದು ದಿನ ಹೆದರಿಸಿದೆ. ನಿನ್ನ ಮಕ್ಕಳು ಹಸಿದಾವು ಹೋಗು ಎಂದು ನಕ್ಕಳು. ಎಲ್ಲರಿಗೂ ತಾನೇ ರೊಟ್ಟಿ ಬಡಿಯುತ್ತಾಳೆ, ಬಡಿಸುತ್ತಾಳೆ. ಭಾನುವಾರ ಒಲೆಯ ಮುಂದೆಯೇ ಕಣ್ಣು ಕತ್ತಲೆ ಬಂದು ಬಿದ್ದಳು, ಕೈ ಹಂಚಿಗೆ ತಾಗಿ ಬೊಬ್ಬೆ ಬಂದಿದೆ. ಸುಟ್ಟದ್ದು ಎಡ ಅಂಗೈ. ಅದರ ಮೇಲೆಯೇ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಾಳೆ. ಡಾಕ್ಟರರು ಬಂದು ನೋಡಿದರು. ಹೀಗೇ ಇನ್ನು ಹದಿನೈದು ದಿನ ಎಳೆದರೆ ತಮ್ಮ ಕೈಯಲ್ಲಿಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ಅಪ್ಪನಿಗೆ ನಾನಿನ್ನೂ ಹೇಳಿಲ್ಲ.

ಮಾರ್ಚ್ ಹತ್ತಕ್ಕೆ ಶಿವರಾತ್ರಿ. ಅಲ್ಲಿಯವರೆಗೆ ಕಾಯಬೇಡ, ಈಗಲೇ ಹೊರಡು. ಬಂದು ಅದನ್ನು ಕೈಯಲ್ಲಿ ಹಿಡಿ, ಒಂದು ತುತ್ತು ತೋರಿಸು, ಅಷ್ಟು ಸಾಕು. ನೀನು ನಂಬು ಎಂದು ನಾನು ಹೇಳುತ್ತಿಲ್ಲ. ನೀನು ಸುಳ್ಳನಾಗುವುದಿಲ್ಲ ಎಂದು ಬರೆದಿದ್ದೀಯಲ್ಲ, ನಿನ್ನ ನಿಜಕ್ಕೆ ಅವ್ವನನ್ನು ತೆರಬೇಕೆ? ಇದಕ್ಕೆ ಉತ್ತರ ಬರೆ, ಇಲ್ಲವೇ ನೀನೇ ಬಾ.

ಅನ್ನಪೂರ್ಣ


ಪುಣೆ
೨೧ ಫೆಬ್ರುವರಿ ೧೯೫೬

|| ಶ್ರೀ ಗುರುಬಸವಲಿಂಗಾಯ ನಮಃ ||

ಪೂಜ್ಯ ಅವ್ವನವರ ಪಾದಗಳಿಗೆ ಉಳವಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಆಶೀರ್ವಾದದಿಂದ ನಾನು ಕ್ಷೇಮವಾಗಿದ್ದೇನೆ. ಮೊನ್ನೆ ಶನಿವಾರ ಸೋಲಾಪುರಕ್ಕೆ ಹೋಗಿ ಅಲ್ಲಿಯ ಮಠವೊಂದರ ಸ್ವಾಮಿಗಳಿಂದ ಹೊಸ ಲಿಂಗ ಕಟ್ಟಿಸಿಕೊಂಡು ಬಂದೆ. ಈಗ ದಿನವೂ ಎರಡು ಹೊತ್ತು ಪೂಜೆ ನಡೆದಿದೆ. ನನ್ನ ಕೈಯಾರೆ ನೈವೇದ್ಯ ತೋರಿಸಿದ್ದೇನೆ. ಮನಸ್ಸು ಶಾಂತವಾಗಿದೆ. ಹಿಂದೆ ಬರೆದದ್ದೆಲ್ಲ ಓದಿನ ಭರದಲ್ಲಿ ಬರೆದದ್ದು, ಅದನ್ನು ಮರೆತುಬಿಡಬೇಕು.

ಪರೀಕ್ಷೆ ಹತ್ತಿರ ಬಂದಿರುವುದರಿಂದ ಈಗ ಬರಲು ಆಗುವುದಿಲ್ಲ. ತಾವು ಈ ಕಾಗದ ಮುಟ್ಟಿದ ಕೂಡಲೇ ಊಟ ಮಾಡಬೇಕು. ಅಪ್ಪನವರಿಗೂ ನಮಸ್ಕಾರ ತಿಳಿಸಬೇಕು.

ಇಂತಿ ತಮ್ಮ ಮಗ,
ಉಳವಪ್ಪ


ಲಕ್ಷ್ಮೇಶ್ವರ
೨೯ ಫೆಬ್ರುವರಿ ೧೯೫೬

ಉಳವಪ್ಪ,

ಅವ್ವ ಉಂಡಳು. ಮೊದಲು ಇದನ್ನು ಓದಿ ಉಸಿರು ಬಿಡು, ಆಮೇಲೆ ಉಳಿದದ್ದು.

ನಿನ್ನ ಕಾಗದ ಶನಿವಾರ ಬಂತು. ಅವ್ವನನ್ನು ನೀವು, ತಾವು ಎಂದು ನೀನು ಯಾವಾಗ ಕರೆದಿದ್ದೆ? ಒಡೆದ ಕೂಡಲೇ ನನಗೆ ಗೊತ್ತಾಯಿತು. ಆದರೂ ಅಪ್ಪ ಎದುರಿಗಿದ್ದ, ದನಿ ನಡುಗದಂತೆ ಓದಿದೆ. ಓದುವಾಗ ಇದು ಪಾಪ ಎಂದು ಒಂದು ಸಲವೂ ಅನ್ನಿಸಲಿಲ್ಲ, ಅವಳು ಹೂಂ ಎಂದರೆ ಸಾಕು ಎಂದಷ್ಟೇ ಇತ್ತು. ಅಪ್ಪ ತಿಂಗಳ ಮೇಲೆ ಮೊದಲ ಸಲ ನಿನ್ನ ಹೆಸರು ಹಿಡಿದು ಮಾತಾಡಿದ. ಅವನು ದಾರಿಗೆ ಬರುತ್ತಾನೆಂದು ನಾನು ಹೇಳಿರಲಿಲ್ಲವೇ ಎಂದ. ಅಪ್ಪ ಯಾರಿಗೂ ಏನೂ ಹೇಳಿರಲಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿಸಿದ, ಫಕೀರಬಿಯ ಮನೆಗೆ ತಾನೇ ಹೋಗಿ ಕೊಟ್ಟು ಬಂದ.

ಅವ್ವ ಮಾತ್ರ ಇನ್ನೊಮ್ಮೆ ಓದು ಎಂದಳು. ಓದಿದೆ. ನನ್ನ ಮುಖವನ್ನು ಒಂದಿಷ್ಟು ಹೊತ್ತು ನೋಡಿ, ಊಟಕ್ಕೆ ಹಾಕು ಎಂದಳು. ಗಂಜಿ ಮಾಡಿದ್ದೆ, ಅರ್ಧ ಬಟ್ಟಲು ಕುಡಿದಳು. ಮರುದಿನ ಹಾಲಲ್ಲಿ ನೆನೆಸಿದ ರೊಟ್ಟಿ ತಿಂದಳು. ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ. ಗೆದ್ದೆವು ಎಂದುಕೊಂಡಿದ್ದೆ.

ಇಂದು ಮಧ್ಯಾಹ್ನ ಅಪ್ಪ ಅಂಗಡಿಗೆ ಹೋದ ಮೇಲೆ ಬಾಗಿಲು ಮುಂದಕ್ಕೆ ಎಳೆದು, ದೌತಿ ಟಾಕು ತಗೊಂಡು ಕುಳಿತುಕೋ, ನಾನು ಹೇಳಿದ್ದನ್ನು ಹೇಳಿದಂತೆಯೇ ಬರೆ, ನಿನ್ನ ಶಾಣ್ಯಾತನ ಸೇರಿಸಬೇಡ ಎಂದಳು. ಸೇರಿಸಿಲ್ಲ. ಇಲ್ಲಿಂದ ಮುಂದೆ ಅವಳದು.

ಅನ್ನಪೂರ್ಣ

ಉಳವಪ್ಪಾ,

ನಿಮ್ಮಕ್ಕ ಬರಿಯಾಕತ್ತಾಳ, ಮಾತು ನಂದು. ನಾ ಉಂಡೀನಿ, ಆದ್ರ ನಿನ್ನ ಕಾಗದ ನಂಬಿ ಉಂಡಿಲ್ಲ. ಖರೇನ ನಿನಗ ಲಿಂಗ ಬೇಕಾಗಿದ್ರ ಸೋಲಾಪುರಕ್ಕ ಯಾಕ ಹೋಗತಿದ್ದಿ? ಅವ್ವಾ, ನಂದು ಕಳಸು ಅಂತಿದ್ದಿ. ದೇವರ ಸಲವಾಗಿ ಸುಳ್ಳು ಹೇಳಾಕ ಒಲ್ಲೆ ಅಂದ ಮಗಾ ನೀ. ನನ್ನ ಸಲವಾಗಿ ಹೇಳಿದಿ. ನಾ ಉಪಾಸ ಕುಂತು ನಿನ್ನ ಬಾಯಾಗ ಸುಳ್ಳು ತುರುಕಿದೆ. ಅದು ತಿಳಿದ ಮ್ಯಾಲೆ ಉಪಾಸ ಯಾತರದು? ಅದಕ್ಕ ಉಂಡೆ. ಇನ್ನ ಹಂಗ ಬರೀಬ್ಯಾಡ.

ನಿನ್ನ ಕೈ ಊಟದಾಗ ತಾನ ಬಿಚಗೋತೈತಿ ಅಂತ ಬರದಿದ್ದಿ. ಅನ್ನಪೂರ್ಣ ಮುಚ್ಚಿಟ್ಟಿದ್ದಳು, ನಿನ್ನಿ ನಾ ಬಿಡದ ಕೇಳಿದ್ದಕ್ಕ ಓದಿ ತೋರಿಸಿದಳು. ಇಷ್ಟು ದಿನ ನೀ ಸೊಕ್ಕಿನಿಂದ ಲಿಂಗ ಬಿಟ್ಟಿ ಅಂತ ತಿಳಿದಿದ್ದೆ. ನೀ ಅಂಜಿ ಬಿಟ್ಟೀದಿ. ಅದು ನನಗ ತಿಳೀಲಿಲ್ಲ.

ನಿನ್ನ ಅಂಜಿಕಿ ಎಂಥಾದ್ದು ನೋಡೋಣಂತ ನಿನ್ನಿ ಸಂಜಿಮುಂದ ದೀಪಾ ಹಚ್ಚಿ ಮಾಳಿಗಿ ಹತ್ತಿದೆ, ಇಕಿ ಕೈ ಹಿಡಕೊಂಡು. ಮೂವತ್ತು ವರ್ಷ ಆತು, ಆ ಮಾಳಿಗಿ ಮ್ಯಾಲೆ ಮೆಣಸಿನಕಾಯಿ ಒಣಗಸೀನಿ, ಹಪ್ಪಳ ಹಾಕೀನಿ. ಬಗ್ಗಿ ಕೆಲಸಾ ಮಾಡಿ ಇಳಿದು ಬರತಿದ್ದೆ, ಕುತಗಿ ಎತ್ತಿ ನೋಡಿದಾಕಿ ಅಲ್ಲ. ನಿನ್ನಿ ನೋಡಿದೆ. ನೀ ನೋಡಿದ್ದು ಯಾವುದಂತ ಇಕಿಗೂ ತಿಳೀಲಿಲ್ಲ, ಸುಮ್ಮನ ಎಲ್ಲಾ ನೋಡಿಕೋತ ನಿಂತಿವಿ. ಅಷ್ಟ ಒಂದು ಕಲೆದಾಗ ಕೋಟಿ ಕೋಟಿ ಸೂರ್ಯರು ಅದಾರ ಅಂತ ನೀ ಬರದಿದ್ದು ನೆನಪಾತು. ಇಷ್ಟೆಲ್ಲಾ ಇದ್ದಲ್ಲೆ ಲಕ್ಷ್ಮೇಶ್ವರದ ಸಿದ್ದಲಿಂಗವ್ವನ ಮಾತು ಯಾರು ಕೇಳ್ತಾರ ಅನಿಸಿತು. ನನ್ನ ಜೀವಮಾನದಾಗ ಒಂದಿನಾನೂ ಹಂಗ ಅನಿಸಿರಲಿಲ್ಲ.

ಇವತ್ತು ಮುಂಜಾನಿ ಪೂಜಿಗೆ ಕುಂತೆ. ಎರಡೂ ಲಿಂಗ ಕೈಯಾಗಿದ್ದವು. ಕೈ ನಡುಗಿತು. ಕೈ ಸುಟ್ಟದ್ದಕ್ಕ ಅಂತ ಅನ್ನಪೂರ್ಣಗ ಹೇಳಿದೆ, ಅದಕ್ಕಲ್ಲ. ಪೂಜಿ ಬಿಟ್ಟಿಲ್ಲ, ಬಿಡಂಗೂ ಇಲ್ಲ. ಆದ್ರ ಮೊದಲಿನಂಗ ಇಲ್ಲ. ಇದನ್ನ ನಿಮ್ಮಪ್ಪಗ ಹೇಳಾಕ ಆಗಂಗಿಲ್ಲ, ಸ್ವಾಮಿಗೋಳಿಗೂ ಆಗಂಗಿಲ್ಲ. ಇಕಿ ಬಿಟ್ರ ಇಡೀ ಊರಾಗ ಹೇಳಾಕ ಒಬ್ಬರಿಲ್ಲ ನನಗ.

ಪರೀಕ್ಷಾ ಮುಗದ ಮ್ಯಾಲೆ ಬಾ. ಲಿಂಗ ಕಟಗೋ ಅನ್ನಂಗಿಲ್ಲ. ಪೂಜಿ ಹೊತ್ತಿನಾಗ ನನ್ನ ಬಾಜೂಕ ಸುಮ್ಮನ ಕುಂಡ್ರು ಸಾಕು. ಒಬ್ಬಾಕಿಗೆ ಅಂಜಿಕಿ ಬರತೈತಿ.

ನಿಮ್ಮವ್ವ,
ಸಿದ್ದಲಿಂಗವ್ವ